ಶ್ವಾಸಕೋಶದ ಮೇಲಿನ ಭಾಗ ತೆಗೆದಿದ್ದಾರೆ. ಈ ವರ್ಷದ ಅಡಿಕೆ ಕೊಯ್ಲಿಗೆ ಅಪ್ಪಯ್ಯ ಇರ್ತಾರಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮೂರು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ 61 ವರ್ಷ, 35 ವರ್ಷ ಬೀಡಿ ಸೇದಿದ್ದಾರೆ. ಕಳೆದ ವರ್ಷ ಕೆಮ್ಮು ಶುರುವಾಗಿ, ಟಿಬಿ ಎಂದು ಐದು ತಿಂಗಳು ಮಾತ್ರೆ ತಿಂದರು. ಕಡಿಮೆ ಆಗಲಿಲ್ಲ. ಆಮೇಲೆ ಸಿ.ಟಿ. ಮಾಡಿಸಿದಾಗ ಗಡ್ಡೆ ಕಂಡಿತು. ಜೂನ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಬಲ ಶ್ವಾಸಕೋಶದ ಮೇಲಿನ ಭಾಗ ತೆಗೆದರು. ಈಗ ಮೂರು ವಾರ ಆಯಿತು. ರಿಪೋರ್ಟಿನಲ್ಲಿ ಅಡಿನೋಕಾರ್ಸಿನೋಮ (ಒಂದು ಬಗೆಯ ಶ್ವಾಸಕೋಶ ಕ್ಯಾನ್ಸರ್), 3.6 ಸೆಂ.ಮೀ., ಅಂಚಿನಲ್ಲಿ ಕ್ಯಾನ್ಸರ್ ಇಲ್ಲ, ಶ್ವಾಸಕೋಶದ ಒಳಗಿನ ಒಂದು ಗ್ರಂಥಿಯಲ್ಲಿ ಮಾತ್ರ ಇದೆ, ಹಂತ 2ಬಿ ಎಂದು ಬರೆದಿದ್ದಾರೆ. ನಾಲ್ಕು ಕಿಮೋ ಆಗಬೇಕಂತೆ.

ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಲ ಎದೆಯ ಕೆಳಗೆ ಉರಿ, ಮುಟ್ಟಿದರೆ ಜೋಮು. ಮಾತಾಡಿದರೆ ಕೆಮ್ಮು. ಇದೆಲ್ಲ ಸಹಜವಾ? ಪೂರ್ತಿ ತೆಗೆದ ಮೇಲೆ ಕಿಮೋ ಯಾಕೆ? ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತೆ ಅಂತ ನೆಂಟರು ಹೇಳ್ತಾರೆ. ಅಪ್ಪಯ್ಯನಿಗೆ ನಾವು 'ಗಡ್ಡೆ' ಅಂತ ಮಾತ್ರ ಹೇಳಿದ್ದೇವೆ. ಇನ್ನೆಷ್ಟು ವರ್ಷ ಇರ್ತಾರೆ ಅಂತ ಯಾರೂ ಬಾಯಿ ಬಿಡ್ತಿಲ್ಲ. ಅವರು ಮಾತ್ರ ದಿನಾ ಕೇಳೋದು ಒಂದೇ: ಈ ಸಲ ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ನಾನು ತೋಟಕ್ಕೆ ಇಳಿಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಕೊನೆಯದೊಂದು ಮಾತ್ರ ಅಪ್ಪಯ್ಯನದು, ಉಳಿದದ್ದು ನಿಮ್ಮದು. ಅವರ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಅದಕ್ಕೆ ಸರಿಯಾಗಿ ಉತ್ತರ ಹೇಳಬೇಕಾದರೆ ಮೊದಲಿನವು ಬಗೆಹರಿಯಬೇಕು.

ಮೊದಲು ಉಸಿರಿನ ವಿಷಯ. ಮನೆಯಲ್ಲಿ ದಿನಾ ಕಣ್ಣಿಗೆ ಬೀಳುವುದು, ಹೆದರಿಸುವುದು ಅದೇ ಅಲ್ವಾ.

ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಹಲಸಿನ ಹಣ್ಣಿನೊಳಗೆ ತೊಳೆಗಳಿದ್ದ ಹಾಗೆ ಈ ಹಾಲೆಗಳ ಒಳಗೆ ಸಣ್ಣ ಸಣ್ಣ ಭಾಗಗಳಿವೆ. ಬಲದಲ್ಲಿ 10, ಎಡದಲ್ಲಿ 9, ಒಟ್ಟು 19 ಎಂದು ನಾವು ಲೆಕ್ಕ ಇಡುತ್ತೇವೆ. ಅಪ್ಪಯ್ಯನಿಗೆ ತೆಗೆದ ಮೇಲಿನ ಹಾಲೆಯಲ್ಲಿ ಇದ್ದದ್ದು 3. ಅಂದರೆ 19ರಲ್ಲಿ 16 ಉಳಿದಿವೆ. ಹೋಗಿರುವುದು ನೂರಕ್ಕೆ 16ರಷ್ಟು. ಆಪರೇಷನ್‌ಗೆ ಮುಂಚೆ ಅವರಿಂದ ಒಂದು ಯಂತ್ರಕ್ಕೆ ಜೋರಾಗಿ ಊದಿಸಿರುತ್ತಾರೆ, ನೆನಪಿದೆಯಾ? ಈ ಲೆಕ್ಕ ಹಾಕಿ, ಉಳಿಯುವ ಉಸಿರು ಸಾಕಾಗುತ್ತೆ ಅಂತ ಖಾತ್ರಿ ಮಾಡಿಕೊಳ್ಳಲಿಕ್ಕೇ ಆ ಪರೀಕ್ಷೆ. ಇನ್ನೊಂದು ಮಾತಿದೆ. ಬೀಡಿ ಹೊಗೆ ಜಾಸ್ತಿ ಹಾಳು ಮಾಡುವುದು ಮೇಲಿನ ಹಾಲೆಗಳನ್ನೇ. ಹಾಗಾಗಿ ಎಷ್ಟೋ ಜನರಲ್ಲಿ ಆ ಹಾಲೆ ಮೊದಲೇ ಅರ್ಧ ಕೆಲಸ ನಿಲ್ಲಿಸಿರುತ್ತದೆ. ಅಂಥವರಿಗೆ ನಷ್ಟ ಲೆಕ್ಕಕ್ಕಿಂತ ಕಡಿಮೆಯೇ ಆಗುವುದುಂಟು. ಉಳಿದ ಹಾಲೆಗಳು ನಿಧಾನಕ್ಕೆ ಹಿಗ್ಗಿ ಖಾಲಿ ಜಾಗ ತುಂಬಿಕೊಳ್ಳುತ್ತವೆ. ಇದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ.

ಹಾಗಾದರೆ ನಾಲ್ಕು ಮೆಟ್ಟಿಲಿಗೆ ಏದುಸಿರು ಯಾಕೆ? ಮೂರನೇ ವಾರದಲ್ಲಿ ಏದುಸಿರು ಬರುವುದು ಶ್ವಾಸಕೋಶ ಸಣ್ಣದಾದದ್ದಕ್ಕಿಂತ ಹೆಚ್ಚಾಗಿ ನೋವಿನಿಂದ. ನೋಯುತ್ತದೆ ಎಂದು ಮನುಷ್ಯ ಮೇಲೆ ಮೇಲೆ ಉಸಿರಾಡುತ್ತಾನೆ. ಆಗ ತಳದ ಭಾಗ ಬಿಚ್ಚಿಕೊಳ್ಳುವುದಿಲ್ಲ, ಕಫ ಅಲ್ಲೇ ಕೂರುತ್ತದೆ. ಮೂರು ವಾರ ಮಲಗಿ ಕಾಲಿನ ಸ್ನಾಯುಗಳೂ ಸೋತಿರುತ್ತವೆ. ರಕ್ತ ಕಡಿಮೆ ಇದ್ದರೆ ಇನ್ನೂ ಸುಸ್ತು. ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿರುತ್ತಾರೆ. ನನ್ನ ಹತ್ತಿರ ಬರುವ ರೋಗಿಗಳಿಗೆ "ಮಾಡಿ ತೋರಿಸಿ" ಅಂದರೆ ಅರ್ಧ ಜನ ಅದಕ್ಕೆ ಊದುತ್ತಾರೆ. ಊದುವುದಲ್ಲ, ಎಳೆಯುವುದು. ನೆಟ್ಟಗೆ ಕೂತು, ಪೈಪನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಎಳನೀರು ಎಳೆದ ಹಾಗೆ ನಿಧಾನಕ್ಕೆ ಉಸಿರು ಎಳೆಯಬೇಕು. ಚೆಂಡು ಮೇಲೆ ಹೋದ ಮೇಲೆ ಮೂರು ಎಣಿಸುವವರೆಗೆ ಹಿಡಿಯಬೇಕು. ಮೂರೂ ಚೆಂಡು ಪಟಪಟ ಮೇಲೆ ಹಾರಿಸಿದರೆ ಮೆಚ್ಚುವವರು ಮೊಮ್ಮಕ್ಕಳು ಮಾತ್ರ. ಒಂದೇ ಚೆಂಡನ್ನು ಎತ್ತಿ ಹೆಚ್ಚು ಹೊತ್ತು ನಿಲ್ಲಿಸುವುದರಿಂದ ಶ್ವಾಸಕೋಶಕ್ಕೆ ಜಾಸ್ತಿ ಲಾಭ. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಆಮೇಲೆ ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಎರಡು ಸಲ ಗಟ್ಟಿಯಾಗಿ ಕೆಮ್ಮಬೇಕು. ಹೊಲಿಗೆ ಬಿಚ್ಚಿ ಹೋಗುತ್ತೆ ಎಂಬ ಹೆದರಿಕೆ ಬೇಡ. ಕೆಮ್ಮದೆ ಇದ್ದರೆ ಬರುವ ನ್ಯುಮೋನಿಯಾ ಅದಕ್ಕಿಂತ ಕಷ್ಟ.

ನಡಿಗೆ ಎರಡನೇ ಔಷಧ. ಈಗ ಜಗಲಿಯಲ್ಲಿ ಐದು ನಿಮಿಷ, ದಿನಕ್ಕೆ ನಾಲ್ಕು ಸಲ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಆರನೇ ವಾರದ ಹೊತ್ತಿಗೆ ಒಟ್ಟಿಗೆ ಅರ್ಧ ಗಂಟೆ ನಡೆಯುವಂತಾದರೆ ಕಿಮೋ ತಡೆಯಲು ಮೈ ಸಿದ್ಧವಾದ ಹಾಗೆ. ವೇಗ ಎಷ್ಟಿರಬೇಕು ಅಂದರೆ, ನಡೆಯುತ್ತಾ ನಿಮ್ಮ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಮಲೆನಾಡಿನ ಮನೆ ಅಂದಮೇಲೆ ಮೆಟ್ಟಿಲು, ದಿಬ್ಬ ತಪ್ಪಿದ್ದಲ್ಲ. ಹತ್ತುವಾಗ ತುಟಿ ಗುಂಡಗೆ ಮಾಡಿ ಉಸಿರು ಹೊರಗೆ ಬಿಡುತ್ತಾ ಹೆಜ್ಜೆ ಎತ್ತಬೇಕು. ನಿಂತಾಗ ಉಸಿರು ತೆಗೆದುಕೊಳ್ಳಬೇಕು. ಮಳೆಗಾಲ ಮುಗಿಯಲಿ ಆಮೇಲೆ ನಡೆಯೋಣ ಅಂತ ಕಾಯಬೇಡಿ. ನಿಮ್ಮ ಕಡೆ ಮಳೆ ಮುಗಿಯುವ ಹೊತ್ತಿಗೆ ಕಿಮೋನೇ ಮುಗಿದಿರುತ್ತದೆ.

ಇನ್ನು ಆ ಉರಿ. ಗಾಯ ಇರುವುದು ಬೆನ್ನಿನ ಬದಿಯಲ್ಲಿ, ಉರಿ ಮುಂದೆ ಎದೆಯ ಕೆಳಗೆ. ಇದು ಎಲ್ಲರನ್ನೂ ಗಾಬರಿ ಮಾಡುತ್ತದೆ. ಪಕ್ಕೆಲುಬು ಪಕ್ಕೆಲುಬಿನ ನಡುವೆ ಒಂದು ನರ ಬೆನ್ನಿನಿಂದ ಹೊರಟು ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಒಳಗೆ ಹೋಗಲು ನಾವು ಆ ಸಂದಿಯನ್ನೇ ಅಗಲ ಮಾಡಬೇಕು. ನರ ಜಜ್ಜಿದಂತಾಗುತ್ತದೆ. ಪೆಟ್ಟು ಹಿಂದೆ ಬಿದ್ದರೂ ಕೂಗು ಕೇಳುವುದು ನರದ ತುದಿಯಲ್ಲಿ. ಸಣ್ಣ ತೂತಿನ ಆಪರೇಷನ್ ಆಗಿದ್ದರೂ ಸ್ವಲ್ಪ ಮಟ್ಟಿಗೆ ಇದು ಇದ್ದದ್ದೇ. ಅಂಗಿ ತಾಗಿದರೂ ಮುಳ್ಳು ಚುಚ್ಚಿದ ಹಾಗೆ ಆಗುವುದು, ಅದೇ ಜಾಗ ಮರಗಟ್ಟಿದ ಹಾಗೆ ಇರುವುದು, ಎರಡೂ ಒಟ್ಟಿಗೆ ಇರುತ್ತವೆ. ಇದು ಕ್ಯಾನ್ಸರ್ ವಾಪಸ್ ಬಂದ ಲಕ್ಷಣ ಅಲ್ಲ. ಬಹಳ ಜನರಿಗೆ ತಿಂಗಳುಗಳಲ್ಲಿ ತಗ್ಗುತ್ತದೆ. ಕೆಲವರಿಗೆ ವರ್ಷ ಕಳೆದರೂ ಸ್ವಲ್ಪ ಉಳಿಯುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ನೋವಿನ ಮಾತ್ರೆಯನ್ನು ನೋವು ಬಂದ ಮೇಲೆ ಕೊಡಬೇಡಿ, ಗಡಿಯಾರ ನೋಡಿ ಕೊಡಿ. ಪ್ಯಾರಾಸಿಟಮಾಲ್ ಅನ್ನು ಡಾಕ್ಟರು ಬರೆದ ಹೊತ್ತಿಗೆ ತಪ್ಪದೆ ಕೊಟ್ಟರೆ ಅದೇ ಎಷ್ಟೋ ಕೆಲಸ ಮಾಡುತ್ತದೆ. ನರದ ಉರಿಗೆ ರಾತ್ರಿ ಕೊಡುವ ಬೇರೆ ಮಾತ್ರೆಗಳಿವೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಹೆಸರು ಕೇಳಿರಬಹುದು. ನಿಮ್ಮ ಸರ್ಜನ್ ಹತ್ತಿರ ಕೇಳಿ. ಆದರೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ತಂದು ನುಂಗಿಸಬೇಡಿ. ಮುಂದೆ ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧ ಬರಬಹುದು. ಅದೂ ಕಿಡ್ನಿಗೆ ಭಾರ, ಇದೂ ಭಾರ.

ಭುಜದ ಕಡೆ ಗಮನ ಇರಲಿ. ನೋವಿಗೆ ಹೆದರಿ ಬಲಗೈಯನ್ನು ಹೊಟ್ಟೆಗೆ ಅಂಟಿಸಿಕೊಂಡು ಕೂತರೆ ಎರಡು ತಿಂಗಳಲ್ಲಿ ಭುಜ ಹಿಡಿದುಬಿಡುತ್ತದೆ. ಗೋಡೆ ಎದುರು ನಿಲ್ಲಿಸಿ, ಬಲಗೈ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲಕ್ಕೆ ಹತ್ತಿಸಿ. ಎಲ್ಲಿಗೆ ನಿಂತಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ವಾರಕ್ಕೆ ಎರಡು ಬೆರಳಷ್ಟು ಗೆರೆ ಮೇಲೆ ಹೋದರೂ ಸಾಕು. ಒಬ್ಬ ಹಿರಿಯರು ಆ ಗೋಡೆಗೆ ಸುಣ್ಣ ಹೊಡೆಸಲು ಬಿಡದೆ ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿದ್ದರು.

ಮಾತಾಡಿದಾಗ ಬರುವ ಒಣ ಕೆಮ್ಮು ಕೂಡ ಮಾಮೂಲು. ಉಸಿರು ಕೊಳವೆಯನ್ನು ಕತ್ತರಿಸಿ ಹೊಲಿದಿದ್ದಾರೆ, ಸುತ್ತಲಿನ ಗ್ರಂಥಿಗಳನ್ನು ತೆಗೆದಿದ್ದಾರೆ. ಅಲ್ಲಿನ ನರಗಳಿಗೆ ಕಿರಿಕಿರಿ ಆಗಿದೆ. ಹೊಟ್ಟೆಯ ಹುಳಿ ಮೇಲೆ ಬಂದರೆ ಇನ್ನೂ ಕೆರಳುತ್ತದೆ. ತಲೆ ಕಡೆ ಎತ್ತರ ಮಾಡಿ ಮಲಗಿಸಿ. ರಾತ್ರಿ ಊಟ ಬೇಗ ಮುಗಿಸಿ. ಕೆಲವು ತಿಂಗಳು ತೆಗೆದುಕೊಳ್ಳುತ್ತದೆ, ಹೋಗುತ್ತದೆ.

ಆದರೆ ಕೆಲವಕ್ಕೆ ಕಾಯಬಾರದು. 100.4 ಡಿಗ್ರಿ ದಾಟಿದ ಜ್ವರ. ಇದ್ದಕ್ಕಿದ್ದ ಹಾಗೆ ಹೆಚ್ಚಾದ ಏದುಸಿರು. ಎದೆ ತಾಳ ತಪ್ಪಿ ಹೊಡೆದುಕೊಳ್ಳುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಗಾಯದಲ್ಲಿ ಕೀವು. ಕೆಮ್ಮಿನಲ್ಲಿ ರಕ್ತ. ಎಲ್ಲಕ್ಕಿಂತ ಮುಖ್ಯವಾಗಿ, ಕೆಮ್ಮಿದಾಗ ನೀರಿನಂಥ, ಕೆಂಪು ಕಲೆತ ದ್ರವ ಬಾಯಿ ತುಂಬಾ ಬರುವುದು. ಹಾಗೆ ಬಂದರೆ ಒಳಗಿನ ಹೊಲಿಗೆ ಸೋರುತ್ತಿರಬಹುದು. ಆಪರೇಷನ್ ಆದ ಬಲಬದಿ ಕೆಳಗೆ ಬರುವಂತೆ ಒರಗಿಸಿ, 108ಕ್ಕೆ ಫೋನ್ ಮಾಡಿ ಹೊರಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ, ಸುಮ್ನೆ ಕೂತಿದ್ದಾಗಲೂ 92ಕ್ಕಿಂತ ಕೆಳಗೆ ತೋರಿಸಿದರೆ ಅದೂ ಫೋನ್ ಮಾಡಬೇಕಾದ ವಿಷಯ.

ಈಗ ಯಾರೂ ಬಾಯಿ ಬಿಡದ ಪ್ರಶ್ನೆ. ಇನ್ನೆಷ್ಟು ವರ್ಷ?

ಸಂಖ್ಯೆ ಹೇಳುತ್ತೇನೆ, ಆದರೆ ಅದರ ಹಿಂದಿನ ಕಥೆ ಸಮೇತ. ಶ್ವಾಸಕೋಶ ಕ್ಯಾನ್ಸರಿನ ಹಂತಗಳನ್ನು ಗೊತ್ತು ಮಾಡುವ ಅಂತರರಾಷ್ಟ್ರೀಯ ಸಂಘದ ಪಟ್ಟಿಯೊಂದಿದೆ. ಆಪರೇಷನ್ ಆಗಿ ರಿಪೋರ್ಟಿನಲ್ಲಿ 2ಬಿ ಎಂದು ಬಂದವರಲ್ಲಿ, ಅದರ ಪ್ರಕಾರ, ಐದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 56. ತುಂಬ ಸಣ್ಣ ಗಡ್ಡೆ, ಗ್ರಂಥಿ ಶುದ್ಧ ಇರುವ ಮೊದಲ ಹಂತದವರಲ್ಲಿ ಅದು ನೂರಕ್ಕೆ 90. ಮೂರನೇ ಹಂತದ ಎ ಗುಂಪಿನಲ್ಲಿ 41. ನೀವು ನಡುವೆ ಇದ್ದೀರಿ.

ಕಥೆ ಏನೆಂದರೆ, ಆ 56 ಎಂಬುದು 1999ರಿಂದ 2010ರವರೆಗೆ ರೋಗ ಪತ್ತೆಯಾದವರ ಲೆಕ್ಕ. ಈಗಿರುವ ಹಲವು ಔಷಧಗಳು ಅವರಿಗೆ ಸಿಕ್ಕಿರಲಿಲ್ಲ. ಹೃದಯಾಘಾತದಿಂದ, ಅಪಘಾತದಿಂದ ಸತ್ತವರೂ ಅದರಲ್ಲಿ ಸೇರಿದ್ದಾರೆ. ಊರಿನ ಸರಾಸರಿ ಅಡಿಕೆ ಫಸಲು ಎಕರೆಗೆ ಇಷ್ಟು ಎಂದು ತಿಳಿದರೆ ನಿಮ್ಮ ತೋಟದ ಫಸಲು ತಿಳಿದಂತಾಗುವುದಿಲ್ಲವಲ್ಲ. ಮಣ್ಣು, ನೀರು, ಕೊಳೆರೋಗ, ಔಷಧಿ ಹೊಡೆದ ಹೊತ್ತು ಎಲ್ಲ ನೋಡಬೇಕು. ಅಪ್ಪಯ್ಯನ ರಿಪೋರ್ಟಿನಲ್ಲಿ ಒಳ್ಳೆಯ ಮಣ್ಣಿನ ಗುರುತುಗಳಿವೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಒಂದೇ ಗ್ರಂಥಿ, ಅದೂ ಶ್ವಾಸಕೋಶದ ಒಳಗಿನದು. ಎದೆಯ ನಡುವಿನ ಗ್ರಂಥಿಗಳಿಗೆ ಹೋಗಿಲ್ಲ. ಹೋಗಿದ್ದರೆ ಮೂರನೇ ಹಂತ ಆಗುತ್ತಿತ್ತು. ವಾಪಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಆ ಎರಡು ವರ್ಷ ದಾಟಿದವರ ಲೆಕ್ಕವೇ ಬೇರೆ, ಅವರ ಭರವಸೆ 56ಕ್ಕಿಂತ ಮೇಲೆ ಏರುತ್ತದೆ. ಹಾಗಾಗಿ ಎಷ್ಟು ವರ್ಷ ಎಂದು ಈಗ ಕೇಳುವುದಕ್ಕಿಂತ, ಮುಂದಿನ ನಾಲ್ಕು ತಿಂಗಳಲ್ಲಿ ಏನು ಮಾಡುತ್ತೀರಿ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಿಮ್ಮ ಕೈಯಲ್ಲಿ ಇರುವುದು ಅದು.

ಅದರಲ್ಲಿ ಮೊದಲನೆಯದು ಕಿಮೋ. "ಪೂರ್ತಿ ತೆಗೆದಿದ್ದಾರಲ್ಲ" ಎನ್ನುವುದು ಸರಿಯಾದ ಪ್ರಶ್ನೆಯೇ. ಕಣ್ಣಿಗೆ, ಸ್ಕ್ಯಾನಿಗೆ ಕಂಡದ್ದನ್ನು ಪೂರ್ತಿ ತೆಗೆದಿದ್ದಾರೆ. ಆದರೆ ಒಂದು ಗ್ರಂಥಿಗೆ ಹೋಗಿತ್ತು ಎಂದರೆ ಕ್ಯಾನ್ಸರ್ ಕಣಗಳಿಗೆ ದಾರಿ ಸಿಕ್ಕಿತ್ತು ಎಂದರ್ಥ. ಕೆಲವು ಕಣ ರಕ್ತದಲ್ಲಿ ಎಲ್ಲಿಗಾದರೂ ಹೋಗಿ ಕೂತಿದ್ದರೆ ಯಾವ ಸ್ಕ್ಯಾನೂ ತೋರಿಸುವುದಿಲ್ಲ. ಕಿಮೋ ಅದಕ್ಕೆ. ಲಾಭ ಎಷ್ಟು? ಐದು ದೊಡ್ಡ ಅಧ್ಯಯನಗಳ ಸುಮಾರು 4,500 ರೋಗಿಗಳ ಲೆಕ್ಕ ಒಟ್ಟು ಮಾಡಿ 2008ರಲ್ಲಿ ಪ್ರಕಟಿಸಿದರು. ಕಿಮೋ ತೆಗೆದುಕೊಂಡ ನೂರು ಜನರಲ್ಲಿ, ತೆಗೆದುಕೊಳ್ಳದ ನೂರು ಜನರಿಗಿಂತ, ಐದು ವರ್ಷಕ್ಕೆ ಸುಮಾರು ಐದು ಜನ ಹೆಚ್ಚು ಬದುಕಿದ್ದರು. "ಐದೇನಾ?" ಅಂತ ಅನಿಸಬಹುದು. ನನಗೆ ಕೇಳಿದರೆ, ಈ ವಯಸ್ಸಿಗೆ, ಈ ಹಂತಕ್ಕೆ, ಕಿಡ್ನಿ ಕಿವಿ ಚೆನ್ನಾಗಿದ್ದರೆ, ಬಿಡಬಾರದ ಐದು. ಮೂರು ವಾರಕ್ಕೊಂದರಂತೆ ನಾಲ್ಕು. ಆಪರೇಷನ್ ಆದ ಆರರಿಂದ ಎಂಟು ವಾರದೊಳಗೆ ಸಾಮಾನ್ಯವಾಗಿ ಶುರು ಮಾಡುತ್ತಾರೆ. ಅಂದರೆ ಆಗಸ್ಟ್ ಮಧ್ಯದ ಹೊತ್ತಿಗೆ.

ಎರಡನೆಯದನ್ನು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ತೆಗೆದ ಗಡ್ಡೆಯ ಮೇಲೆ ಜೀನ್ ಪರೀಕ್ಷೆ ಆಗಿದೆಯಾ? ಕೇಳಿ. ಇಜಿಎಫ್‌ಆರ್, ಎಎಲ್‌ಕೆ ಎಂಬ ಎರಡು ಜೀನ್, ಜೊತೆಗೆ ಪಿಡಿ-ಎಲ್1 ಎಂಬ ಪ್ರೋಟೀನ್. ಈ ಮೂರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಬೀಡಿ ಸೇದಿದವರಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಇದ್ದರೆ ಆಸಿಮರ್ಟಿನಿಬ್ ಎಂಬ ಮಾತ್ರೆ ದಿನಕ್ಕೊಂದರಂತೆ ಮೂರು ವರ್ಷ. ಎರಡು ಮತ್ತು ಮೂರನೇ ಹಂತದ ಇಂಥ ರೋಗಿಗಳಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಈ ಮಾತ್ರೆ ತಿಂದವರಲ್ಲಿ ನೂರಕ್ಕೆ 85, ತಿನ್ನದವರಲ್ಲಿ 73 ಎಂದು 2023ರಲ್ಲಿ ಫಲಿತಾಂಶ ಬಂತು. ಎಎಲ್‌ಕೆ ಇದ್ದರೆ ಅದಕ್ಕೆ ಬೇರೆ ಮಾತ್ರೆ. ಎರಡೂ ಇಲ್ಲದಿದ್ದರೆ ಕೆಲವರಿಗೆ ಇಮ್ಯುನೊಥೆರಪಿ ಇಂಜೆಕ್ಷನ್, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ. ಮೇಲಿನ 56ಕ್ಕೆ ಅಂಟಿಕೊಂಡು ಕೂರಬೇಡಿ ಎಂದದ್ದು ಇದಕ್ಕೇ.

ಪರೀಕ್ಷೆಗೆ ಇನ್ನೊಮ್ಮೆ ಸೂಜಿ ಹಾಕಬೇಕಿಲ್ಲ. ಗಡ್ಡೆಯ ತುಂಡನ್ನು ಆಸ್ಪತ್ರೆಯವರು ಮೇಣದಲ್ಲಿ ಇಟ್ಟಿರುತ್ತಾರೆ. ಬೆಂಕಿಪೊಟ್ಟಣದ ಅರ್ಧದಷ್ಟು ಇರುತ್ತದೆ, 'ಬ್ಲಾಕ್' ಅಂತ ಕರೆಯುತ್ತಾರೆ. ಕಿಮೋವನ್ನು ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಮಾಡಿಸುವುದಾದರೆ ಆ ಬ್ಲಾಕು, ರಿಪೋರ್ಟು, ಸಿ.ಡಿ. ಮೂರನ್ನೂ ಈಗಲೇ ಕೇಳಿ ತರಿಸಿ. ಅಡಿಕೆ ಮಂಡಿಯ ಚೀಟಿಗಿಂತ ಜೋಪಾನವಾಗಿ ಇಡಿ. ಬಿಸಿಲಿಗೆ, ಒಲೆ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ.

ಖರ್ಚಿನ ವಿಷಯ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬವರು ಕೂತಿರುತ್ತಾರೆ. ಕಿಮೋ ಶುರುವಾಗುವ ಮುಂಚೆ ಅವರನ್ನು ನೋಡಿ. ಆಮೇಲೆ ಓಡಾಡಿದರೆ ಕಟ್ಟಿದ ದುಡ್ಡು ವಾಪಸ್ ಬರುವುದು ಕಷ್ಟ.

ಮೂರನೆಯದು ಬೀಡಿ. ಈಗ ಬಿಟ್ಟು ಏನು ಪ್ರಯೋಜನ, ಬರುವುದು ಬಂದಾಯ್ತು ಎಂದು ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಮಾಸ್ಕೋದಲ್ಲಿ ಇಂಥ 517 ರೋಗಿಗಳನ್ನು ವರ್ಷಗಟ್ಟಲೆ ನೋಡಿದರು. ಎಲ್ಲರೂ ಧೂಮಪಾನಿಗಳು, ಎಲ್ಲರಿಗೂ ಆರಂಭದ ಹಂತಗಳ ಶ್ವಾಸಕೋಶ ಕ್ಯಾನ್ಸರ್. ಕ್ಯಾನ್ಸರ್ ಗೊತ್ತಾದ ಮೇಲೆ ಬಿಟ್ಟವರು, ಬಿಡದವರಿಗಿಂತ ಸುಮಾರು 22 ತಿಂಗಳು ಹೆಚ್ಚು ಬದುಕಿದರು. 2021ರಲ್ಲಿ ಪ್ರಕಟವಾದ ಅಧ್ಯಯನ ಇದು. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಕೊಡುವ ಔಷಧ ನನ್ನ ಬಳಿ ಬೇರೆ ಇಲ್ಲ. ಚಟ ಎಳೆದರೆ 1800-11-2356ಕ್ಕೆ ಫೋನ್ ಮಾಡಿಸಿ, ದುಡ್ಡು ಬೀಳುವುದಿಲ್ಲ. ಅಣ್ಣನೋ ಚಿಕ್ಕಪ್ಪನೋ ಜಗಲಿಯಲ್ಲಿ ಕೂತು ಸೇದುವುದೂ ನಿಲ್ಲಬೇಕು. ಇನ್ನೊಂದು, ನಿಮ್ಮ ಕಡೆ ಮನೆಗಳಲ್ಲಿ ಬೆಳಗ್ಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುವುದು ಹೆಚ್ಚಾಗಿ ಯಜಮಾನರ ಕೆಲಸ. ಅದನ್ನು ಬೇರೆಯವರು ಮಾಡಲಿ.

ಎಲೆಯಡಿಕೆ? ಅಡಿಕೆ ಬೆಳೆಯುವ ಮನೆಗೆ ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಹೊಗೆಸೊಪ್ಪು ಹಾಕಬಾರದು ಎಂಬುದು ಎಲ್ಲರಿಗೂ ಗೊತ್ತು. ಅಡಿಕೆ ಒಂದೇ ಆದರೂ ಬಾಯಿ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಬೆಳೆಯಿರಿ, ಮಾರಿ, ಅಪ್ಪಯ್ಯನ ಬಾಯಿಗೆ ಬೇಡ.

ಧೂಮಪಾನದ ಮಾತು ಬಂದಾಗ ನನಗೆ ಯಾವಾಗಲೂ ಇಬ್ಬರು ಅಮೆರಿಕದ ಡಾಕ್ಟರುಗಳ ನೆನಪು ಬರುತ್ತದೆ. 1933ರ ಏಪ್ರಿಲ್ 5ರಂದು ಸೇಂಟ್ ಲೂಯಿಸ್ ನಗರದಲ್ಲಿ ಎವರ್ಟ್ಸ್ ಗ್ರಹಾಂ ಎಂಬ ಸರ್ಜನ್, ಕ್ಯಾನ್ಸರ್ ಇದ್ದ ಒಂದು ಇಡೀ ಶ್ವಾಸಕೋಶವನ್ನೇ ಒಂದೇ ಸಲಕ್ಕೆ ತೆಗೆದರು. ಹಾಗೆ ತೆಗೆಸಿಕೊಂಡು ಬದುಕುಳಿದ ಮೊದಲಿಗರು ಜೇಮ್ಸ್ ಗಿಲ್ಮೋರ್, ಅವರೂ ಡಾಕ್ಟರೇ, ಹೆರಿಗೆ ಮಾಡಿಸುವವರು. ಆಗ ಕಿಮೋ ಇಲ್ಲ, ಸಿ.ಟಿ. ಇಲ್ಲ, ಪೆನ್ಸಿಲಿನ್ ಕೂಡ ರೋಗಿಗಳಿಗೆ ಸಿಗುತ್ತಿರಲಿಲ್ಲ. ಗಿಲ್ಮೋರ್ ಒಂದೇ ಶ್ವಾಸಕೋಶದಲ್ಲಿ ಮುಂದೆ 30 ವರ್ಷ ಬದುಕಿದರು. ಆಪರೇಷನ್ ಮಾಡಿದ ಗ್ರಹಾಂ ದಶಕಗಳ ಕಾಲ ಸಿಗರೇಟ್ ಸೇದಿದವರು. ಸಿಗರೇಟಿನಿಂದ ಶ್ವಾಸಕೋಶ ಕ್ಯಾನ್ಸರ್ ಬರುತ್ತದೆ ಎಂದು 1950ರಲ್ಲಿ ಲೆಕ್ಕ ಸಮೇತ ಬರೆದವರಲ್ಲಿ ಒಬ್ಬರೂ ಅವರೇ. ಆಮೇಲೆ ಸೇದುವುದು ಬಿಟ್ಟರು. ಆದರೂ 1957ರಲ್ಲಿ ಅದೇ ಕ್ಯಾನ್ಸರ್‌ನಿಂದ ತೀರಿಕೊಂಡರು, ತಮ್ಮ ರೋಗಿಗಿಂತ ಆರು ವರ್ಷ ಮೊದಲೇ.

"ಚಾಕು ತಾಗಿದರೆ ಹರಡುತ್ತೆ" ಎಂಬ ಮಾತಿಗೂ ಗಿಲ್ಮೋರ್ ಕಥೆಯೇ ಸಾಕಷ್ಟು ಉತ್ತರ. ಇದು ನಮ್ಮ ಹಳ್ಳಿಯ ಮಾತು ಮಾತ್ರ ಅಲ್ಲ. ಅಮೆರಿಕದ ಶ್ವಾಸಕೋಶ ಕ್ಲಿನಿಕ್ಕುಗಳಲ್ಲಿ ಕೇಳಿದಾಗಲೂ ನೂರಕ್ಕೆ 38 ರೋಗಿಗಳು ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದೇ ನಂಬಿದ್ದರು. ಈ ನಂಬಿಕೆ ಎಲ್ಲಿಂದ ಬಂತು ಎಂದು ನನಗೊಂದು ಊಹೆ ಇದೆ. ಸಿ.ಟಿ. ಸ್ಕ್ಯಾನ್ ಇಲ್ಲದ ಕಾಲದಲ್ಲಿ ಎದೆ ತೆರೆದು ನೋಡಿದ ಮೇಲೇ ಗೊತ್ತಾಗುತ್ತಿತ್ತು, ಆಗಲೇ ಎಲ್ಲ ಕಡೆ ಹರಡಿದೆ ಎಂದು. ಹಾಗೇ ಮುಚ್ಚಿ ಕಳಿಸುತ್ತಿದ್ದರು. ಎರಡು ತಿಂಗಳಲ್ಲಿ ಅವರು ತೀರಿಕೊಂಡರೆ ಊರಿನವರಿಗೆ ಕಂಡದ್ದು ಚಾಕು ಮಾತ್ರ.

ಟಿಬಿ ಮಾತ್ರೆಯಲ್ಲಿ ಕಳೆದ ಐದು ತಿಂಗಳ ಬಗ್ಗೆ ನಿಮಗೆ ಸಂಕಟ ಇದೆ, ಪತ್ರದಲ್ಲೇ ಗೊತ್ತಾಗುತ್ತದೆ. ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನ ಅದೇ ದಾರಿಯಲ್ಲಿ ಬಂದವರು. ನಮ್ಮಲ್ಲಿ ಟಿಬಿ ಜಾಸ್ತಿ, ಎಕ್ಸರೇಯಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಇದನ್ನು ಓದುವ ಬೇರೆಯವರಿಗೆ ಹೇಳುತ್ತೇನೆ: ಕಫದಲ್ಲಿ ಟಿಬಿ ಸಿಕ್ಕಿಲ್ಲ, ಮಾತ್ರೆ ತಿಂದು ಎರಡು ತಿಂಗಳಾದರೂ ಕೆಮ್ಮು ಇಳಿದಿಲ್ಲ ಎಂದರೆ ಸಿ.ಟಿ. ಮಾಡಿಸಿ ಎಂದು ನೀವೇ ಕೇಳಿ. ನೀವು ಮಾತ್ರ ಆ ಐದು ತಿಂಗಳನ್ನು ಎಣಿಸುತ್ತಾ ನಿದ್ದೆ ಕೆಡಿಸಿಕೊಳ್ಳಬೇಡಿ. ಅಷ್ಟಾದರೂ ಆಪರೇಷನ್ ಮಾಡಬಹುದಾದ ಹಂತದಲ್ಲೇ ಸಿಕ್ಕಿತು.

ಊಟಕ್ಕೆ ಪಥ್ಯ ಇಲ್ಲ. ಗಂಜಿ, ಉಪ್ಪಿನಕಾಯಿಯಲ್ಲಿ ಗಾಯ ಮಾಯುವುದಿಲ್ಲ. ಮೊಟ್ಟೆ, ಮೀನು ತಿನ್ನುವವರಾದರೆ ದಿನಾ ಕೊಡಿ. ಇಲ್ಲವಾದರೆ ಬೇಳೆ, ಹುರುಳಿ, ಮೊಸರು, ಶೇಂಗಾ. ಒಂದೇ ಎಚ್ಚರಿಕೆ: ಕಿಮೋ ನಡೆಯುವಾಗ ಕಷಾಯ, ಲೇಹ್ಯ ಏನೇ ಕೊಡುವುದಿದ್ದರೂ ಡಾಕ್ಟರಿಗೆ ಹೇಳಿ ಕೊಡಿ. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಕೋವಿಡ್ ಕಾಲದಲ್ಲಿ ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಕಿಮೋಗೆ ಎರಡು ವಾರ ಮೊದಲೇ ಹಾಕಿಸಬಹುದಾ ಎಂದು ಕೇಳಿ.

ಅಪ್ಪಯ್ಯನಿಗೆ ಹೇಳಬೇಕಾ? ನನ್ನ ಅಭಿಪ್ರಾಯ, ಹೇಳಬೇಕು. ಕಿಮೋ ವಾರ್ಡಿನ ಬಾಗಿಲ ಮೇಲೆ ಏನು ಬರೆದಿದೆ ಎಂದು ಓದಲು ಬರದವರಲ್ಲ ಅವರು. ಕೆಲವು ವರ್ಷಗಳ ಹಿಂದೆ ಒಬ್ಬರಿಗೆ ಮನೆಯವರು ನಿಮ್ಮ ಹಾಗೇ 'ಗಡ್ಡೆ' ಎಂದಷ್ಟೇ ಹೇಳಿದ್ದರು. ಎರಡು ಕಿಮೋ ಆಯಿತು. ವಾಂತಿ, ಬಾಯಿಹುಣ್ಣು. ಮೂರನೆಯದಕ್ಕೆ ಅವರು ಬರಲಿಲ್ಲ. "ಗಡ್ಡೆ ತೆಗೆದಾಯ್ತಲ್ಲ, ಇಷ್ಟು ಕಷ್ಟ ಯಾಕೆ ಪಡಲಿ?" ಅಂದರಂತೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಯಾಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮನೆಯವರು ನಿಜ ಹೇಳುವ ಹೊತ್ತಿಗೆ ಏಳು ವಾರ ಕಳೆದಿತ್ತು.

ಎಲ್ಲವನ್ನೂ ಒಂದೇ ದಿನ ಸುರಿಯಬೇಕಿಲ್ಲ. "ಅಪ್ಪಯ್ಯ, ನಿಮಗೆ ಏನಾಗಿದೆ ಅಂತ ನಿಮಗೆ ಅನಿಸ್ತದೆ?" ಎಂದು ಕೇಳಿ ಸುಮ್ಮನೆ ಕೂರಿ. ಹತ್ತರಲ್ಲಿ ಎಂಟು ಜನ ಆಗಲೇ ಊಹಿಸಿರುತ್ತಾರೆ. ನಿಮ್ಮಿಂದ ಆಗದಿದ್ದರೆ ಮುಂದಿನ ಸಲ ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ನೀವು ಪಕ್ಕದಲ್ಲಿ ನಿಂತುಕೊಳ್ಳಿ. ಅವರ ಬಾಯಿಂದಲೇ ಪ್ರಶ್ನೆ ಬರಲಿ. ನೂರಕ್ಕೆ ಇಷ್ಟು ಎಂಬ ಲೆಕ್ಕ ಅವರು ಕೇಳಿದರೆ ಮಾತ್ರ ಹೇಳಿದರಾಯಿತು.

ಎಲ್ಲ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ಸಿ.ಟಿ., ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಪೆಟ್ ಸ್ಕ್ಯಾನ್ ಬೇಕಿಲ್ಲ, ಯಾರಾದರೂ ಮಾಡಿಸಿ ಎಂದರೆ ಯಾಕೆ ಎಂದು ಕೇಳಿ. ನಡುವೆ ಕಾರಣವಿಲ್ಲದೆ ತೂಕ ಇಳಿದರೆ, ಬಿಡದ ತಲೆನೋವು, ರಾತ್ರಿಯ ಬೆನ್ನುಮೂಳೆ ನೋವು, ಧ್ವನಿ ಒಡೆಯುವುದು ಕಂಡರೆ ತಾರೀಖು ಬರಲಿ ಎಂದು ಕಾಯಬೇಡಿ. ಐದು ವರ್ಷ ಆದ ಮೇಲೂ ವರ್ಷಕ್ಕೊಂದು ಸ್ಕ್ಯಾನ್ ಇರಲಿ. ಬೀಡಿ ಸೇದಿದ ಶ್ವಾಸಕೋಶದಲ್ಲಿ ಹೊಸದಾಗಿ ಇನ್ನೊಂದು ಗಡ್ಡೆ ಹುಟ್ಟುವ ಸಾಧ್ಯತೆ ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ. ಸಣ್ಣದಿರುವಾಗ ಸಿಕ್ಕರೆ ಅದನ್ನೂ ತೆಗೆಯಬಹುದು.

ಈಗ ಅಪ್ಪಯ್ಯನ ಪ್ರಶ್ನೆ. ಜೂನ್ ಕೊನೆಗೆ ಆಪರೇಷನ್, ಆಗಸ್ಟ್ ಮಧ್ಯಕ್ಕೆ ಮೊದಲ ಕಿಮೋ ಎಂದರೆ ನಾಲ್ಕನೆಯದು ಅಕ್ಟೋಬರ್ ಮಧ್ಯಕ್ಕೆ ಬರುತ್ತದೆ. ರಕ್ತ ಕಡಿಮೆಯಾಗಿ ಒಂದೆರಡು ವಾರ ಮುಂದಕ್ಕೆ ಹೋಗುವುದು ಮಾಮೂಲು. ನವೆಂಬರಿನಲ್ಲಿ ಕೊಯ್ಲು ಜೋರಾಗುವ ಹೊತ್ತಿಗೆ ಅವರು ತೋಟಕ್ಕೆ ಇಳಿಯಬಹುದು. ತೋಟದಿಂದ ಮನೆಗೆ ವಾಪಸ್ ಹತ್ತುವಾಗ ನಡುವೆ ಎರಡು ಸಲ ನಿಲ್ಲಬೇಕಾಗಬಹುದು, ದಾರಿಯಲ್ಲಿ ಕೂರಲು ಕಲ್ಲೋ ಮರದ ದಿಮ್ಮಿಯೋ ಇಟ್ಟಿರಿ. ಈಗ ಆರು ವಾರದವರೆಗೆ ಐದು ಕಿಲೋಕ್ಕಿಂತ ಭಾರ ಎತ್ತಬಾರದು. ಮೂರು ತಿಂಗಳ ಮೇಲೆ ನಿಧಾನಕ್ಕೆ ಹೆಚ್ಚಿಸಬಹುದು. ಆದರೆ ಈ ಸಲ ಮರ ಹತ್ತುವುದು, ದೋಟಿ ಹಿಡಿಯುವುದು, ಹಸಿ ಕೊನೆಯ ಹೊರೆ ಹೊರುವುದು ಯಾವುದೂ ಇಲ್ಲ. ಅಡಿಕೆ ಸುಲಿಯುವ, ಒಣಗಿದ್ದನ್ನು ಗುಡಿಸಿ ತುಂಬುವ ಕಡೆ ದೂಳು ಏಳುತ್ತದೆ, ಅಲ್ಲಿ ಮಾಸ್ಕ್ ಇಲ್ಲದೆ ಬೇಡ. ಕೊನೆ ಎಣಿಸುವುದು, ಆಳುಗಳ ಲೆಕ್ಕ ಬರೆಯುವುದು, ಯಾವ ಮರ ಬಿಟ್ಟಿದ್ದಾರೆ ಎಂದು ಕೆಳಗಿನಿಂದ ಕೂಗಿ ಹೇಳುವುದು ಎಲ್ಲ ಮಾಡಬಹುದು. ಕೂಗಿದರೆ ಕೆಮ್ಮು ಬರುತ್ತದೆ, ಬರಲಿ. ಅಂಗಳದಲ್ಲಿ ಅವರಿಗೆ ಒಂದು ಕುರ್ಚಿ ಹಾಕಿ, ಅಡಿಕೆ ಬೇಯಿಸುವ ಒಲೆಯ ಹೊಗೆ ತಾಗದ ಕಡೆ, ಗಾಳಿ ಬರುವ ದಿಕ್ಕು ನೋಡಿಕೊಂಡು.